ರಾಗಿಯ ಮೇಲೆ ರಿವರ್ಸ್

ನನ್ನ ಗಂಡ ತೀರಿಕೊಂಡು ವರ್ಷ ತುಂಬಿದ ದಿನ. ಎಡೆ ಇಟ್ಟು ಊಟ ಮುಗಿದಿತ್ತು, ಎಲೆ ಇನ್ನೂ ಎತ್ತಿರಲಿಲ್ಲ. ನನ್ನ ಮೈದುನ ಕೈ ತೊಳೆದುಕೊಂಡು ಬಂದವನೇ ಕಾರಿನ ಕೀ ಕೇಳಿದ.

ಅವನಿರುವುದು ಸೋಲೂರಿನಲ್ಲಿ, ನನ್ನ ಗಂಡ ಹುಟ್ಟಿ ಬೆಳೆದ ಮನೆಯಲ್ಲಿ. ತೆಂಗು, ಹಸು, ಡೈರಿಯ ಹಾಲು ಎಂದು ಅಲ್ಲೇ ಉಳಿದವನು. ನಾವು ಬ್ಯಾಂಕಿನ ನೌಕರಿಗೆಂದು ರಾಮನಗರಕ್ಕೆ ಬಂದು ಇಲ್ಲೇ ಮನೆ ಕಟ್ಟಿಕೊಂಡೆವು. ನಮಗೆ ಮಕ್ಕಳಿಲ್ಲ. ಅವರ ಮನೆತನದಲ್ಲಿ ಒಂದು ಕ್ರಮ ಉಂಟು, ಸತ್ತ ಗಂಡಸು ಬಳಸುತ್ತಿದ್ದ ಸಾಮಾನು ಅವನ ಒಡಹುಟ್ಟಿದ ಗಂಡಸಿಗೆ ಹೋಗಬೇಕು. ಹನ್ನೊಂದನೆಯ ದಿನವೇ ವಾಚು ಹೋಗಿತ್ತು, ರೇನ್‌ಕೋಟು ಹೋಗಿತ್ತು, ಅರ್ಧ ಖಾಲಿಯಾಗಿದ್ದ ಆಫ್ಟರ್‌ಶೇವ್ ಬಾಟಲಿ ಕೂಡ ಹೋಗಿತ್ತು. ಎಲ್ಲ ನಾನೇ ಎತ್ತಿ ಕೊಟ್ಟಿದ್ದೆ. ಆ ಬಾಟಲಿಯನ್ನಾದರೂ ಇಟ್ಟುಕೊಳ್ಳಬೇಕಿತ್ತು ಎಂದು ಆಮೇಲೆ ಎಷ್ಟೋ ದಿನ ಬೆಳಗ್ಗೆ ಅನಿಸಿದೆ.

ಈಗ ಕಾರು. ಶೆಡ್ಡಿನಲ್ಲಿ ಸುಮ್ಮನೆ ನಿಂತು ತುಕ್ಕು ಹಿಡಿಯುತ್ತಿದೆ, ತಾನು ಒಯ್ದರೆ ಬಳಕೆಗಾದರೂ ಬರುತ್ತದೆ, ನನಗೆ ಎಲ್ಲಿಗಾದರೂ ಹೋಗಬೇಕಾದಾಗ ಒಂದು ಫೋನ್ ಮಾಡಿದರೆ ಸಾಕು, ತಾನು ಕಳಿಸಿಕೊಡುವುದಾಗಿ ಹೇಳಿದ. ಬಂದಿದ್ದ ನೆಂಟರೆಲ್ಲ ತಲೆ ಆಡಿಸಿದರು. ಕೇಳುವುದಕ್ಕೆ ಬಹಳ ರೀಸನಬಲ್ ಆಗಿತ್ತು. ನನಗೆ ಹೋಗಬೇಕಾದದ್ದು ಒಂದೇ ಕಡೆಗೆ. ಕನಕಪುರದಲ್ಲಿ ನನ್ನ ಅಕ್ಕ ಇದ್ದಾಳೆ, ಎರಡು ಕಣ್ಣೂ ಹೋಗಿವೆ, ಮಂಚ ಬಿಟ್ಟು ಏಳುವುದಿಲ್ಲ. ನನ್ನ ಮಂಡಿಗಳು ಬಸ್ಸಿನ ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು. ಇನ್ನು ಮುಂದೆ ಅಕ್ಕನನ್ನು ನೋಡಬೇಕಾದರೆ ಸೋಲೂರಿಗೆ ಫೋನ್ ಮಾಡಿ, ಹಸು ಕರು ಹಾಕಿಲ್ಲವಷ್ಟೇ, ಕಾರು ಖಾಲಿ ಇದೆಯೆ, ಓಡಿಸುವವರು ಇದ್ದಾರೆಯೆ ಎಂದು ಕೇಳಿ, ಅವನು ಹೂಂ ಅಂದ ದಿನ ಹೋಗಬೇಕು.

"ಕಾರು ನಾನೇ ಓಡಿಸ್ತೀನಿ," ಎಂದೆ.

ಯಾರೋ ನಕ್ಕರು. ಹೆಂಗಸರ ನಗು ಎಂಬುದು ನನಗೆ ಹೆಚ್ಚು ಚುಚ್ಚಿತು. ಮೈದುನ ನಗಲಿಲ್ಲ, ಅವನು ಲೆಕ್ಕಾಚಾರದ ಮನುಷ್ಯ. "ಆಗ್ಲಿ ಅತ್ಗೆ, ಕಲೀರಿ. ಶಿವರಾತ್ರಿ ಒಳಗೆ ಲೈಸೆನ್ಸ್ ತೋರ್ಸುದ್ರೆ ಕಾರು ನಿಮ್ದೇ. ಇಲ್ದಿದ್ರೆ ನಾನೇ ಬಂದು ತಕ್ಕೊಂಡೋಯ್ತೀನಿ," ಎಂದ. ಎಲ್ಲರ ಮುಂದೆ ಆಡಿದ ಮಾತು. ನಾನೂ ಎಲ್ಲರ ಮುಂದೆಯೇ ಒಪ್ಪಿದೆ. ಆಗ ಡಿಸೆಂಬರ್. ನನಗೆ ಅರವತ್ತೆಂಟು.

ನಲವತ್ತು ವರ್ಷ ಗಂಡ ಓಡಿಸುವ ಗಾಡಿಯಲ್ಲಿ ಕೂತವಳು ನಾನು. ಮೊದಲು ಸ್ಕೂಟರಿನ ಹಿಂದೆ, ಆಮೇಲೆ ಈ ಬಿಳಿ ಕಾರಿನ ಲೆಫ್ಟ್ ಸೀಟಿನಲ್ಲಿ. ಅವರ ಕನ್ನಡಕದ ಡಬ್ಬಿ, ನೀರಿನ ಬಾಟಲಿ, ಟೋಲಿನ ಚೀಟಿ ಎಲ್ಲ ನನ್ನ ಮಡಿಲಲ್ಲಿ. ಮಾಗಡಿಯ ಕಡೆಯಿಂದ ವಾಪಸು ಬರುವಾಗ ಒಮ್ಮೆ ಧೈರ್ಯ ಮಾಡಿ, ಖಾಲಿ ರಸ್ತೆ ಇದೆ, ಸ್ವಲ್ಪ ನನಗೂ ಕೊಡಿ ಅಂದಿದ್ದೆ. ನಾನಿರುವಾಗ ನಿನಗ್ಯಾಕೆ ಅದರ ತಾಪತ್ರಯ ಅಂದರು. ಅದನ್ನು ನಾನು ಪ್ರೀತಿ ಎಂದೇ ತಿಳಿದು ಕಿಟಕಿಯ ಕಡೆ ಮುಖ ಮಾಡಿ ಸಂತೋಷಪಟ್ಟಿದ್ದೆ. ಪ್ರೀತಿಯೇ ಇರಬಹುದು. ಆದರೆ ಅವರು ಇಲ್ಲದ ಕಾಲಕ್ಕೆ ಆ ಮಾತಿನಲ್ಲಿ ಯಾವ ಏರ್ಪಾಡೂ ಇರಲಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ನಾನು ಆ ಚಳಿಗಾಲ ಪೂರ್ತಿ ಮಾಡಿದೆ.

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಐವತ್ತು ದಾಟಿದ ಆಸಾಮಿ, ಚನ್ನಪಟ್ಟಣದವರು. ಮೊದಲು ಲಾರಿ ಓಡಿಸುತ್ತಿದ್ದರಂತೆ. ಬಾಯಲ್ಲಿ ಸದಾ ಎಲೆ ಅಡಿಕೆ. ನನ್ನನ್ನು ಕಂಡು, ಮೊಮ್ಮಗಳನ್ನು ಸೇರಿಸಲು ಬಂದಿದ್ದೀರಾ ಎಂದು ಕೇಳಿದರು. ನನಗೇ ಎಂದಾಗ ಎಲೆ ಅಡಿಕೆ ಉಗಿದು ಬರಲು ಹೊರಗೆ ಹೋದವರು ಬಹಳ ಹೊತ್ತು ಬರಲೇ ಇಲ್ಲ. ಡಾಕ್ಟರ ಸರ್ಟಿಫಿಕೇಟು, ಕಣ್ಣಿನ ಪರೀಕ್ಷೆ, ಕಂಪ್ಯೂಟರಿನ ಮುಂದೆ ಕೂತು ರಸ್ತೆಯ ಚಿಹ್ನೆಗಳ ಪರೀಕ್ಷೆ, ಎಲ್ಲ ಆಗಿ ಲರ್ನರ್ಸ್ ಲೈಸೆನ್ಸ್ ಬಂತು. ಚಿಹ್ನೆಗಳಲ್ಲಿ ಒಂದೂ ತಪ್ಪಿರಲಿಲ್ಲ. ಅದನ್ನು ಮೇಷ್ಟ್ರಿಗೆ ಹೇಳಿದರೆ, ಓದಿದವರಿಗೆ ಚಿಹ್ನೆ ಬರುತ್ತದೆ, ರಸ್ತೆ ಬರುವುದಿಲ್ಲ ಎಂದರು.

ಅವರ ಕಾರಿನಲ್ಲಿ ಅವರ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು. ನಾನು ಒತ್ತುವ ಮೊದಲೇ ಅವರು ಒತ್ತುತ್ತಿದ್ದರು. ಕಾರು ಓಡಿದ್ದು ನನ್ನಿಂದಲೋ ಅವರಿಂದಲೋ ನನಗೆ ತಿಳಿಯುತ್ತಲೇ ಇರಲಿಲ್ಲ. "ಅಮ್ಮಾವ್ರೇ, ಕ್ಲಚ್ಚು ಒಸಿ ನಿಧಾನಕ್ಕೆ ಬುಡಿ. ಹಾಲು ಉಕ್ದಂಗೆ ಮೇಲಕ್ಕೆ ಬರ್ಬೇಕು ಕಾಲು," ಎನ್ನುವರು. ನಾನು ಬಿಟ್ಟರೆ ಕಾರು ಕುರಿಯಂತೆ ಕುಪ್ಪಳಿಸಿ ಆಫ್ ಆಗುವುದು. ಮೈದಾನದಲ್ಲಿ ಆದರೆ ನೋಡುವವರು ಕುರಿಗಳೇ. ಊರೊಳಗೆ ಹಾಗಲ್ಲ.

ಹೊಸ ಹೆದ್ದಾರಿ ಬಂದ ಮೇಲೆ ರಾಮನಗರದ ಟ್ರಾಫಿಕ್ ಕಡಿಮೆಯಾಗಿದೆ ಎನ್ನುವವರನ್ನು ಬೆಳಗ್ಗೆ ಒಂಬತ್ತಕ್ಕೆ ಐಜೂರು ಸರ್ಕಲ್ಲಿನಲ್ಲಿ ಸ್ಟೀರಿಂಗ್ ಹಿಡಿಸಿ ಕೂರಿಸಬೇಕು. ಒಂದು ಕಡೆಯಿಂದ ಗೂಡಿನ ಮಾರ್ಕೆಟ್ಟಿಗೆ ಹೋಗುವ ಬೈಕುಗಳು, ಎರಡೂ ಬದಿಗೆ ರೇಷ್ಮೆ ಗೂಡಿನ ಚೀಲ ತೂಗಿಸಿಕೊಂಡು ಒಂದು ಬೈಕಿಗೆ ಎರಡು ಕಾರಿನಷ್ಟು ಅಗಲ. ಇನ್ನೊಂದು ಕಡೆಯಿಂದ ಹಾರೋಹಳ್ಳಿಯ ಫ್ಯಾಕ್ಟರಿಗಳಿಗೆ ಹುಡುಗಿಯರನ್ನು ತುಂಬಿಕೊಂಡು ಹೊರಟ ಬಸ್ಸುಗಳು, ಶಿಫ್ಟಿಗೆ ತಡವಾದ ಸಿಟ್ಟೆಲ್ಲ ಡ್ರೈವರಿನ ಮುಖದಲ್ಲಿ. ನಡುವೆ ಆಟೋಗಳು. ಆಟೋದವರಿಗೆ ಎಡ ಬಲ ಎಂಬುದಿಲ್ಲ, ಸಂದು ಎಂಬುದೊಂದೇ ಇರುವುದು.

ನನ್ನ ದೋಷ ಏನೆಂದರೆ ನಾನು ಎಲ್ಲರಿಗೂ ದಾರಿ ಬಿಡುತ್ತಿದ್ದೆ. ಬೆಂಗಳೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಹತ್ತು ವರ್ಷ ಬೆಳೆದವಳು. ಬಾಗಿಲ ಹತ್ತಿರ ಇಬ್ಬರು ಒಟ್ಟಿಗೆ ಬಂದರೆ ನಿಂತು 'ಆಫ್ಟರ್ ಯೂ' ಅನ್ನಬೇಕು, ಊಟದ ಸಾಲಿನಲ್ಲಿ ಹಿಂದಿನವಳನ್ನು ಮುಂದೆ ಬಿಟ್ಟರೆ ಸಿಸ್ಟರ್ ಮುಖ ಅರಳುವುದು. ಆ ಮ್ಯಾನರ್ಸು ನನ್ನ ಮೂಳೆಯಲ್ಲಿ ಇದೆ. ಸರ್ಕಲ್ಲಿನಲ್ಲಿ ಒಂದು ಬೈಕಿಗೆ ನಿಲ್ಲಿಸಿದೆ, ಅದರ ಹಿಂದೆ ಬಂದ ಹಾಲಿನ ಗಾಡಿಗೆ, ಸೊಪ್ಪು ತಂದ ಮುದುಕಿಗೆ, ಮುದುಕಿಯ ಹಿಂದೆ ಹತ್ತು ಬೈಕಿಗೆ. ಮೇಷ್ಟ್ರು ವಾಚು ನೋಡಿಕೊಂಡರು.

"ಎಲ್ರೂ ಓಗ್ಲಿ ಅಂತ ಕಾಯ್ತಿದ್ದೀರಾ? ಎಲ್ರೂ ಓಗೋಗಂಟ ಕಾದ್ರೆ ನಾವು ಇಲ್ಲೇ ಗುಡಿಸ್ಲು ಹಾಕ್ಕೋಬೇಕು."

ನಾನು ಹೊರಟೆ, ಕಾರು ಆಫ್ ಆಯಿತು. ಹಿಂದಿನಿಂದ ಹಾರ್ನುಗಳು. ಸ್ಕೂಟರಿನಲ್ಲಿದ್ದ ಒಬ್ಬ, ಇನ್ನೂ ಮೀಸೆ ಸರಿಯಾಗಿ ಮೂಡದವನು, ಕಿಟಕಿಗೆ ಬಗ್ಗಿ, "ಅಜ್ಜಿ, ಮನೇಲಿ ಮುದ್ದೆ ತಿರುವೋದ್ ಬುಟ್ಟು ಇಲ್ಲೇನ್ ತಿರುವ್ತಿದ್ದೀಯಾ," ಎಂದು ಹೋದ. ಮೇಷ್ಟ್ರು ನಕ್ಕುಬಿಟ್ಟರು. ನಾನು ಅವರಿಬ್ಬರನ್ನೂ ಇಂದಿಗೂ ಕ್ಷಮಿಸಿಲ್ಲ. ಒಂದು ವಾರ ದಿನಾ ಅದೇ ಸರ್ಕಲ್ಲು, ಅದೇ ಆಫ್ ಆಗುವುದು. ಊರು ನನ್ನನ್ನು ಗುರುತು ಹಿಡಿಯಿತು. ಟೀ ಅಂಗಡಿಯವರು ನನ್ನ ಎಲ್ ಬೋರ್ಡು ಕಂಡರೆ ಲೋಟ ಕೆಳಗಿಟ್ಟು ನೋಡುತ್ತಿದ್ದರು.

ಊರಿನ ರಸ್ತೆ ನಿಮಗೆ ಈಗಲೇ ಬೇಡ, ಮೊದಲು ಭಯ ಹೋಗಲಿ, ಪರೀಕ್ಷೆಗೆ ರಿವರ್ಸ್ ಬೇರೆ ಕಲಿಯಬೇಕು ಎಂದು ಮೇಷ್ಟ್ರು ಜನವರಿಯ ಒಂದು ಬೆಳಗ್ಗೆ ನಮ್ಮ ಕಾರನ್ನೇ ತೆಗೆಸಿ ಕೂಟಗಲ್ ಕಡೆಗೆ ಹೊರಡಿಸಿದರು. ಅವರ ಪೆಡಲುಗಳಿಲ್ಲದ ಕಾರು. ಎಡಗಡೆ ಅವರು ಕಿಟಕಿಯ ಮೇಲಿನ ಹಿಡಿ ಹಿಡಿದು ಕೂತರು. ಊರು ಮುಗಿದು ಬಂಡೆಗಳು ಕಾಣತೊಡಗಿದ ಮೇಲೆ ನನಗೆ ಮೊದಲ ಸಲ ಗಾಳಿ ಮುಖಕ್ಕೆ ತಾಗಿದ್ದು ತಿಳಿಯಿತು. ಮೂರನೇ ಗೇರು ತಾನಾಗಿ ಬಿತ್ತು. ನನ್ನ ಗಂಡ ಇದ್ದಿದ್ದರೆ ಈಗ ಏನನ್ನುತ್ತಿದ್ದರು ಎಂದುಕೊಳ್ಳುತ್ತಿದ್ದೆ. ಆಗ ತಿರುವಿನ ಆಚೆ ರಸ್ತೆಯೇ ಇರಲಿಲ್ಲ.

ರಸ್ತೆ ಇತ್ತು, ಅದರ ಮೇಲೆ ರಾಗಿ ಇತ್ತು. ಕೊಯ್ದು ಒಣಗಿಸಿದ ರಾಗಿಹುಲ್ಲನ್ನು ತೆನೆ ಸಮೇತ ಈ ಅಂಚಿನಿಂದ ಆ ಅಂಚಿನವರೆಗೆ ಮೊಳಕಾಲುದ್ದ ಹರವಿದ್ದರು. ಈಗ ಕಣ ಮಾಡಿ ಎತ್ತಿನಿಂದ ಕಲ್ಲುಗುಂಡು ಎಳೆಸುವವರು ಕಡಿಮೆ. ಹೋಗಿ ಬರುವ ವಾಹನಗಳೇ ಚಕ್ರದಲ್ಲಿ ತುಳಿದು ಕಾಳು ಉದುರಿಸಲಿ ಎಂದು ರಸ್ತೆಗೆ ಹಾಕುತ್ತಾರೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಲೆಫ್ಟ್ ಸೀಟಿನಲ್ಲಿ ಕೂತು ನೂರು ಸಲ ಅದರ ಮೇಲೆ ಹೋಗಿದ್ದೇನೆ. ಆದರೆ ಆಗ ಚಕ್ರ ಗಂಡನದು. ಈಗ ನನ್ನದು. ಮದುವೆಯಾಗಿ ಬಂದ ವರ್ಷ ಸೋಲೂರಿನಲ್ಲಿ ನಾನು ಚಪ್ಪಲಿ ಹಾಕಿಕೊಂಡು ಕಣಕ್ಕೆ ಕಾಲಿಟ್ಟಿದ್ದಕ್ಕೆ ನಮ್ಮತ್ತೆ ಮೂರು ದಿನ ನನ್ನ ಕೈಯ ನೀರು ಮುಟ್ಟಿರಲಿಲ್ಲ. ಇಂಗ್ಲಿಷ್ ಇಸ್ಕೂಲಿನವಳಿಗೆ ಅನ್ನ ಯಾವುದು ಹೊಲಸು ಯಾವುದು ಗೊತ್ತಿಲ್ಲ ಎಂದು ಊರಿಗೆಲ್ಲ ಹೇಳಿದ್ದರು. ಅಂದಿನಿಂದ ತೆನೆ ಕಂಡರೆ ನನ್ನ ಕಾಲು ತಾನಾಗಿ ಹಿಂದೆ ಸರಿಯುತ್ತದೆ.

ಕಾಲು ಹಿಂದೆ ಸರಿಯಿತು, ಕೈ ಎಡಕ್ಕೆ ತಿರುಗಿತು. ರಾಗಿಯ ಅಂಚು ತಪ್ಪಿಸಿ ಮಣ್ಣಿನ ಬದಿಯಲ್ಲಿ ಹೋಗುತ್ತೇನೆ ಎಂದುಕೊಂಡೆ. ಬದಿ ಇರಲಿಲ್ಲ, ಚರಂಡಿ ಇತ್ತು. ಎಡಗಡೆಯ ಎರಡೂ ಚಕ್ರ ಇಳಿದು, ಬಾಗಿಲು ಕಲ್ಲಿಗೆ ಉಜ್ಜಿ, ಕಾರು ವಾಲಿ ನಿಂತಿತು. ಮೇಷ್ಟ್ರು ಲಾರಿ ಭಾಷೆಯಲ್ಲಿ ಒಂದು ಮಾತು ಅಂದರು. ಅದನ್ನು ಇಲ್ಲಿ ಬರೆಯಲಾರೆ.

ರಾಗಿ ಕೆದಕುತ್ತಿದ್ದ ನಾಲ್ವರು ಹೆಂಗಸರು ಬಂದರು. ಏಟಾಯಿತಾ ಎಂದು ಯಾರೂ ಕೇಳಲಿಲ್ಲ. ಅವರಲ್ಲಿ ಹಿರಿಯಳು, ನನ್ನ ವಯಸ್ಸಿನವಳೇ, ಕೈಯಲ್ಲಿದ್ದ ಕವೆಗೋಲನ್ನು ನೆಲಕ್ಕೆ ಊರಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟಗಲ ರೋಡು ಐತೆ. ಚರಂಡಿಗ್ಯಾಕೆ ಇಳುದ್ಯವ್ವ?"

"ತೆನೆ ಮೇಲೆ ಹತ್ತಿಸಬಾರದು ಅಂತ," ಎಂದೆ.

ಅವಳು ಮಿಕ್ಕವರ ಕಡೆ ತಿರುಗಿ ಅದನ್ನೇ ಮತ್ತೆ ಹೇಳಿದಳು, ಅವರಿಗೆ ಕೇಳಿಸಲಿಲ್ಲವೇನೋ ಎಂಬಂತೆ. ಆಮೇಲೆ ನನಗೆ, "ಹತ್ಲಿ ಅಂತ್ಲೇ ಹಾಕಿರಾದು ಕಣವ್ವ. ಬೆಳಗ್ಗಿಂದ ಕಾಯ್ತಾ ಕುಂತಿದ್ದೀವಿ, ಎರಡು ಬೈಕು ಬುಟ್ರೆ ಒಂದು ಗಾಡಿ ಬಂದಿಲ್ಲ. ಬಂದಿದ್ದೊಂದು ಹಿಂಗಾ ಮಾಡಾದು," ಎಂದಳು. ಕರುಣೆಯಿಲ್ಲ, ನಗುವೂ ಇಲ್ಲ, ಬರೀ ನಷ್ಟದ ದನಿ.

ಅವರು ನಾಲ್ವರು, ಮೇಷ್ಟ್ರು, ದಾರಿಯಲ್ಲಿ ಕುರಿ ಹೊಡೆದುಕೊಂಡು ಬಂದ ಇಬ್ಬರು ಗಂಡಸರು ಸೇರಿ ಕಾರನ್ನು ಎತ್ತಿ ಮೇಲೆ ತಂದರು. ಎಡಬಾಗಿಲು ಒಳಗೆ ಹೋಗಿತ್ತು, ಹಿಡಿಯಿಂದ ಕೆಳಗೆ ಉದ್ದಕ್ಕೆ ಗೀರು. ನಾನು ಥ್ಯಾಂಕ್ಸ್ ಹೇಳಿ ಹತ್ತಲು ಹೋದೆ. ಆ ಹಿರಿಯಳು ಬಾನೆಟ್ಟಿನ ಮುಂದೆ ಬಂದು ನಿಂತಳು. ಎತ್ತಿದ್ದಕ್ಕೆ ಕೂಲಿ ಬೇಡ, ಆದರೆ ರಾಗಿ ತುಳಿದು ಹೋಗಬೇಕು, ಒಂದು ಸಲ ಅಲ್ಲ, ತಾನು ಸಾಕು ಅನ್ನುವವರೆಗೆ ಎಂದಳು. ಮೇಷ್ಟ್ರು ಬೇಡವೆಂದರು, ಒಣ ಹುಲ್ಲು ಅಡಿಗೆ ಸಿಕ್ಕಿ ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತುತ್ತದೆ, ಈ ಅಮ್ಮನಿಗೆ ಇನ್ನೂ ರಿವರ್ಸೇ ಬರುವುದಿಲ್ಲ ಎಂದರು.

"ಬರ್ದಿದ್ರೆ ಇಲ್ಲೇ ಕಲೀಲಿ. ನಮ್ ರಾಗಿಗೇನು ನೋವಾದದಾ?"

ಹಾಗೆ ಶುರುವಾಯಿತು. ಮೊದಲ ಸಲ ಚಕ್ರ ತೆನೆಯ ಮೇಲೆ ಹತ್ತಿದಾಗ ಕೆಳಗಿನಿಂದ ಚರಚರ ಎಂಬ ಸದ್ದು ಬಂತು. ನಾನು ಕಣ್ಣು ಮುಚ್ಚಿಕೊಂಡೆ, ಮೇಷ್ಟ್ರು ಕೂಗಿ ತೆರೆಸಿದರು. ಆ ತುದಿಗೆ ಹೋಗಿ ನಿಲ್ಲಿಸಿದರೆ ಅಲ್ಲಿ ತಿರುಗಿಸಲು ಜಾಗವಿಲ್ಲ, ಹಿಂದಕ್ಕೇ ಬರಬೇಕು. ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಎಡಗೈ ಪಕ್ಕದ ಸೀಟಿನ ಬೆನ್ನ ಮೇಲೆ ಇಟ್ಟು, ಅರ್ಧ ಕ್ಲಚ್ಚಿನಲ್ಲಿ ಇಂಚಿಂಚಾಗಿ. ಹಿರಿಯಳು ಕವೆಗೋಲು ಎತ್ತಿ ಎಡಕ್ಕೆ, ಬಲಕ್ಕೆ ಎಂದು ತೋರಿಸುವಳು. ವಾಲಿದರೆ ಬೈಗುಳ. ನೆಟ್ಟಗೆ ಬಂದರೆ ಏನೂ ಇಲ್ಲ. ಎರಡು ಸಲ ಆಫ್ ಆಯಿತು, ಆಮೇಲೆ ಆಗಲಿಲ್ಲ. ಪ್ರತಿ ನಾಲ್ಕು ಸುತ್ತಿಗೆ ಮೇಷ್ಟ್ರು ಕಾರಿನಡಿಗೆ ಬಗ್ಗಿ ಹುಲ್ಲು ಎಳೆಯುವರು, ಹೆಂಗಸರು ರಾಗಿ ಮಗುಚುವರು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಾನು ಕನ್ನಡಿ ನೋಡಿಕೊಂಡೇ ಆ ತುದಿಯಿಂದ ಈ ತುದಿಗೆ ಒಂದೇ ಗೆರೆಯಲ್ಲಿ ಹಿಂದಕ್ಕೆ ಬಂದೆ. ಅವರಿಗೆ ನಾನು ಅಜ್ಜಿಯಲ್ಲ, ಮೇಡಮ್ಮಲ್ಲ, ಗುಂಡು ಎಳೆಯುವ ಎತ್ತು. ಎತ್ತಿಗೆ ಯಾರೂ ಎಕ್ಸ್‌ಕ್ಯೂಸ್ ಮಿ ಅನ್ನುವುದಿಲ್ಲ, ಎತ್ತೂ ಅನ್ನುವುದಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಯಾರ ಕ್ಷಮೆಯನ್ನೂ ಕೇಳದೆ ಇದ್ದದ್ದು ಅದೇ ಮೊದಲು.

ಸಾಕು ಎಂದಾಗ ಅವಳು ನೀರು ಕೊಟ್ಟಳು. ಹೆಸರು, ಊರು ಕೇಳಿದಳು. ಸೋಲೂರಿನ ಸೊಸೆ ಎಂದೆ. ಅದು ತಪ್ಪಾಯಿತು. ಅವರಲ್ಲೊಬ್ಬಳ ತವರು ಸೋಲೂರು.

ಮೂರು ದಿನಕ್ಕೆ ಮೈದುನ ಬಂದ. ಚಪ್ಪಲಿ ಬಿಡುವ ಮೊದಲು ಶೆಡ್ಡಿಗೆ ಹೋಗಿ ಬಾಗಿಲಿನ ಗೀರಿನ ಮೇಲೆ ಬೆರಳು ಎಳೆದು ನೋಡಿದ. ಅಣ್ಣ ಹದಿನಾಲ್ಕು ವರ್ಷ ಒಂದು ಗೀರು ಬೀಳದಂತೆ ಇಟ್ಟಿದ್ದ ಗಾಡಿ ಎಂದ. ಅದು ಸುಳ್ಳು. ಹಿಂದಿನ ಬಂಪರನ್ನು ಅವರು ಎರಡು ಸಲ ಬದಲಾಯಿಸಿದ್ದರು, ಒಂದು ಸಲ ನಮ್ಮದೇ ಗೇಟಿಗೆ ಗುದ್ದಿ. ಸತ್ತವರು ಎಲ್ಲರೂ ಒಳ್ಳೆಯ ಡ್ರೈವರುಗಳಾಗಿಬಿಡುತ್ತಾರೆ.

"ಶಿವರಾತ್ರಿಗಂಟ ಬ್ಯಾಡ ಅತ್ಗೆ. ಯಾರಾದ್ರೂ ಸತ್ರೆ ನಮ್ಮನೆ ಹೆಸ್ರು ಹಾಳಾಯ್ತದೆ. ಈಗ್ಲೇ ಕೊಟ್ಬುಡಿ," ಎಂದ.

ಅವನ ಮಾತಿನಲ್ಲಿ ಸಾಯುವವಳು ನಾನೇ ಆಗಿರಬಹುದೆಂಬ ಯೋಚನೆ ಇರಲಿಲ್ಲ, ಹೆಸರಿನದೇ ಯೋಚನೆ. ನಾನು ಕಾಫಿ ಕೊಟ್ಟೆ. ಆಡಿದ ಮಾತಿನ ಗಡುವು ಇನ್ನೂ ಮುಗಿದಿಲ್ಲ ಎಂದೆ. ಅವನು ಕಾಫಿ ಕುಡಿಯದೆ ಎದ್ದು ಹೋದ. ಆ ಸಂಜೆ ನಾನೇ ಮೇಷ್ಟ್ರಿಗೆ ಫೋನ್ ಮಾಡಿ, ನಾಳೆಯಿಂದ ನಮ್ಮ ಕಾರಿನಲ್ಲೇ ಸರ್ಕಲ್ಲಿಗೆ ಹೋಗೋಣ ಎಂದೆ.

ಸರ್ಕಲ್ಲು ಬದಲಾಗಿರಲಿಲ್ಲ. ಬದಲಾದದ್ದು ಏನೆಂದು ಹೇಳುವುದು ಕಷ್ಟ. ಅರ್ಧ ಕ್ಲಚ್ಚು ಕಾಲಿಗೆ ಬಂದಿತ್ತು, ಅದೊಂದು. ಬಾಗಿಲು ಆಗಲೇ ಗೀರಿಸಿಕೊಂಡಿತ್ತು, ಇನ್ನು ಕಾಪಾಡಿಕೊಳ್ಳುವುದು ಏನೂ ಇರಲಿಲ್ಲ, ಅದು ಇನ್ನೊಂದು. ಸಂದು ಕಂಡಲ್ಲಿ ಕಾರಿನ ಮೂತಿ ಹಾಕಿದೆ. ಮೂತಿ ಹಾಕಿದರೆ ಆಟೋದವನು ಬೈಯುತ್ತಾನೆ, ಬೈದರೂ ನಿಲ್ಲುತ್ತಾನೆ. ಇದನ್ನು ಕಾನ್ಫಿಡೆನ್ಸ್ ಎಂದು ಪುಸ್ತಕದವರು ಕರೆಯುತ್ತಾರೆ. ನನಗೆ ಅನಿಸಿದ್ದು ಅಷ್ಟು ಚೆಂದದ್ದಲ್ಲ, ಬರೀ ಹಗೆ. ನೀನು ಬಿಡುವುದಿಲ್ಲ, ಸರಿ, ನಾನೂ ಬಿಡುವುದಿಲ್ಲ. ಹತ್ತನೆಯ ದಿನ ಮೇಷ್ಟ್ರು ಹಿಡಿಯಿಂದ ಕೈ ತೆಗೆದು ಎಲೆಗೆ ಸುಣ್ಣ ಸವರಿದರು. ಅವರಿಂದ ನನಗೆ ಸಿಕ್ಕ ಸರ್ಟಿಫಿಕೇಟು ಅದು.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರ್ ನನ್ನ ಹುಟ್ಟಿದ ತಾರೀಖನ್ನು ಎರಡು ಸಲ ಓದಿದರು. ಮುಂದೆ ಹೋಗಿ ಎಂದರು, ಹೋದೆ. ಹಿಂದೆ ಬನ್ನಿ ಎಂದರು, ಬಂದೆ. ಕಂಬಗಳ ಮಧ್ಯೆ ಒಂದನ್ನೂ ಮುಟ್ಟದೆ ಬಂದೆ. ಇಳಿಯಿರಿ ಎಂದರು. ಅಷ್ಟೇ.

ಶಿವರಾತ್ರಿಯ ಹಿಂದಿನ ದಿನ ಬೆಳಗ್ಗೆ ಮೈದುನ ಬಸ್ಸಿನಲ್ಲಿ ಬಂದ. ವಾಪಸು ಹೋಗುವುದು ಕಾರಿನಲ್ಲೇ ಎಂಬ ಧೈರ್ಯದ ಮೇಲೆ ಬಂದಿದ್ದ. ಹೊಸ ಸೀಟ್ ಕವರು ಕೂಡ ಕೈಚೀಲದಲ್ಲಿತ್ತು. ನಾನು ಲೈಸೆನ್ಸ್ ಕಾರ್ಡನ್ನು ಟೀಪಾಯಿಯ ಮೇಲೆ ಇಟ್ಟೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ. ಕಾರ್ಡು ಯಾರಿಗೆ ಬೇಕಾದರೂ ಸಿಗುತ್ತದೆ, ಕಾರ್ಡಿದ್ದ ಮಾತ್ರಕ್ಕೆ ರೋಡಿನಲ್ಲಿ ಓಡಿಸಲು ಬರುತ್ತದೆಯೇ ಎಂದ. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ, ಹತ್ತು ಎಂದೆ. ಬೇಡ ಎನ್ನಲು ಅವನಿಗೆ ದಾರಿಯಿರಲಿಲ್ಲ. ಹೆದರಿದನೆಂದು ಆಗುತ್ತಿತ್ತು.

ಗೂಡಿನ ಮಾರ್ಕೆಟ್ಟಿನ ಹೊತ್ತು. ಅರ್ಕಾವತಿಯ ಸೇತುವೆ ದಾಟುವಾಗ ಎದುರಿಗೆ ಬಂದ ಬಸ್ಸಿಗೆ ನಾನು ಸರಿಯಲಿಲ್ಲ, ಅದೇ ಸರಿಯಿತು. ಮೈದುನನ ಬಲಗಾಲು ನೆಲದ ಮ್ಯಾಟನ್ನು ಒತ್ತಿ ಒತ್ತಿ ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. ಸರ್ಕಲ್ಲಿನಲ್ಲಿ ಅವನು ಎರಡು ಸಲ ನಿಲ್ಲಿಸಿ ಅಂದ. ನಾನು ನಿಲ್ಲಿಸಬೇಕಾದ ಕಡೆ ನಿಲ್ಲಿಸಿದೆ, ಅವನು ಹೇಳಿದ ಕಡೆ ಅಲ್ಲ.

ಬಸ್ ಸ್ಟ್ಯಾಂಡಿನ ಮುಂದೆ ಇಳಿದವನು ಹೋಗಲಿಲ್ಲ. ಕಾರಿನ ಮುಂದೆ ಬಂದು ನಿಂತು, ಸೀಟ್ ಕವರಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ನನ್ನ ಹಿಂದೆ ಒಂದು ಬಸ್ಸು ಬಂದು ನಿಂತಿತು. ಆಟೋದವರು ನೋಡುತ್ತಿದ್ದರು. ಅವರಿಗೆಲ್ಲ ಕೇಳುವಂತೆ ಅವನು ಅಂದ.

"ನಮ್ಮಣ್ಣ ಇದ್ದಿದ್ರೆ ಇದ್ನೆಲ್ಲ ನೋಡ್ಬೇಕಾಗಿರ್ಲಿಲ್ಲ."

"ಇದ್ದಿದ್ದರೆ ನಾನು ಓಡಿಸಬೇಕಾಗಿರಲಿಲ್ಲ," ಎಂದೆ.

ಅವನು ಕಾರಿನ ಮುಂದಿನಿಂದ ಸರಿಯಲಿಲ್ಲ. ಇನ್ನು ಮುಂದೆ ನಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಅವನು ನಿರ್ಧರಿಸಿದ್ದು ಆಗಲೇ ಇರಬೇಕು. ಅಂದಿನಿಂದ ತುಳಿದಿಲ್ಲ, ಯುಗಾದಿಗೂ ಬರಲಿಲ್ಲ, ಈ ಸಲದ ಎಡೆಗೂ ಬರಲಿಲ್ಲ. ನಾನು ಒಬ್ಬಳೇ ಎಡೆ ಇಟ್ಟೆ. ಅಂದು ಕಾರಿನ ಮುಂದೆ ನಿಂತಿದ್ದ ಅವನ ಹುಬ್ಬು, ಅವನ ಹಣೆ, ಕೋಪ ಬಂದಾಗ ಕೆಳತುಟಿ ಕಚ್ಚುವ ರೀತಿ ಎಲ್ಲ ನನ್ನ ಗಂಡನದೇ. ಆ ಮುಖ ಇನ್ನು ನನಗೆ ಫೋಟೋದಲ್ಲಿ ಮಾತ್ರ ಎಂದು ತಿಳಿದೇ, ಕಾರಿನ ಗಾಜಿನ ಆಚೆ ಅದನ್ನು ಪೂರ್ತಿ ನೋಡಿಕೊಂಡೆ. ಆಮೇಲೆ ಮೊದಲ ಗೇರು ಹಾಕಿ ಕಾರನ್ನು ಒಂದು ಗೇಣು ಮುಂದೆ ಬಿಟ್ಟೆ. ಬಂಪರು ಅವನ ಪಂಚೆಯ ಅಂಚಿಗೆ ತಾಗುವಷ್ಟರಲ್ಲಿ ಅವನು ಪಕ್ಕಕ್ಕೆ ಸರಿದ.

ನಾನು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಕನಕಪುರದ ಕಡೆಗೆ ತಿರುಗಿಸಿದೆ.